ಗ್ಯಾಸ್ಕೆಟ್ ಇಲ್ಲದ ರಿವಾಲ್ವರ್

ನಮ್ಮ ಭಾವನವರು ಬೀದಿಯ ಆ ತುದಿಯಲ್ಲಿ ಕಾಣಿಸಿದರೆ ಸಾಕು, ಈ ತುದಿಯ ಪಾತ್ರೆ ಅಂಗಡಿಯವನು ಬಾಗಿಲು ಅರ್ಧ ಇಳಿಸಿ ಊಟಕ್ಕೆ ಹೊರಟುಬಿಡುತ್ತಾನೆ. ಆಗ ಬೆಳಗಿನ ಹತ್ತು ಗಂಟೆಯಾಗಿದ್ದರೂ ಸರಿಯೇ. ಅವನದೇನೂ ತಪ್ಪಿಲ್ಲ. ಭಾವನವರು ಅವನಲ್ಲಿ ಒಂದು ಬಕೆಟ್ ಕೊಂಡು, ಹಿಡಿ ಕಿರುಗುಟ್ಟುತ್ತದೆ ಎಂದು ವಾಪಸು ಕೊಟ್ಟರು. ಬದಲಿಗೆ ತಂದದ್ದು ಕಿರುಗುಟ್ಟಲಿಲ್ಲ. ಕಿರುಗುಟ್ಟುವುದಿಲ್ಲ ಅಂದಮೇಲೆ ಹಿಡಿ ಸಡಿಲವೇ ಇರಬೇಕು ಎಂದು ಅದನ್ನೂ ವಾಪಸು ಕೊಟ್ಟರು.

ಭಾವನವರು ಎಂದರೆ ನನ್ನ ಷಡ್ಡಕ, ನನ್ನ ಹೆಂಡತಿಯ ಅಕ್ಕನ ಗಂಡ. ಹೆಂಡತಿ ‘ಭಾವ, ಭಾವ’ ಅನ್ನುವುದನ್ನು ಕೇಳಿ ಕೇಳಿ ನನ್ನ ಬಾಯಲ್ಲೂ ಅದೇ ನಿಂತಿದೆ. ಒಂದೇ ಕಟ್ಟಡದಲ್ಲಿ ನಮ್ಮದು ಎದುರುಬದುರು ಮನೆ. ಅವರಿಗೆ ಕುಕ್ಕರ್ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಕೆಲಸ. ತಯಾರಾಗಿ ಬಂದ ಕುಕ್ಕರನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದು, ಹಿಡಿ ಜಗ್ಗುವುದು, ಗ್ಯಾಸ್ಕೆಟ್ ಹಿಗ್ಗಿಸುವುದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಎಲ್ಲಾದರೂ ಗುಳ್ಳೆ ಬರುತ್ತದೆಯೇ ನೋಡುವುದು, ಕಟ್ಟಕಡೆಗೆ ವಿಷಲ್ ಕೂಗಿಸುವುದು. ಎಲ್ಲ ಸರಿಯಿದ್ದರೆ ರಟ್ಟಿನ ಪೆಟ್ಟಿಗೆಯ ಮೇಲೆ ನೇರಳೆ ಶಾಯಿಯಲ್ಲಿ ‘ಓಕೆ’ ಎಂದು ಮುದ್ರೆ ಒತ್ತುವುದು. ಆ ರಬ್ಬರ್ ಮುದ್ರೆ ಮತ್ತು ಶಾಯಿಯ ಪುಟ್ಟ ಡಬ್ಬಿ ಹಗಲೂ ರಾತ್ರಿ ಅವರ ಜೇಬಿನಲ್ಲೇ ಇರುತ್ತವೆ. ಆದರೆ ಕಾರ್ಖಾನೆಯ ಗೇಟಿನಿಂದಾಚೆ ಈ ಪ್ರಪಂಚದಲ್ಲಿ ಮುದ್ರೆಗೆ ಯೋಗ್ಯವಾದ ವಸ್ತು ಒಂದೂ ಅವರಿಗೆ ಸಿಕ್ಕಿರಲಿಲ್ಲ. ಮುದ್ರೆ ಸಿಗದವುಗಳಲ್ಲಿ ಅವರ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ, ಕೈಕೆಲಸವೂ ಸೇರಿತ್ತು.

ಅತ್ತಿಗೆ ಹೊಲಿಗೆಯಲ್ಲಿ ನಿಸ್ಸೀಮರು. ಬೀದಿಯ ಅರ್ಧ ಜನ ತೊಡುವುದು ಅವರು ಹೊಲಿದದ್ದನ್ನೇ. ಮೊನ್ನೆ ಗಂಡನಿಗೆಂದು ಆಸೆಪಟ್ಟು ಒಂದು ಅಂಗಿ ಹೊಲಿದರು. ಭಾವನವರು ಅದನ್ನು ತೊಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು, ತಿರುವಿಹಾಕಿದರು, ಆಮೇಲೆ ಒಂದು ಗುಂಡಿ ಹಿಡಿದು ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಕೊನೆಗೆ ಗೋಡೆಗೆ ಕಾಲು ಕೊಟ್ಟು ಎಳೆದಾಗ ಗುಂಡಿ ಅಂಗೈಯಗಲ ಬಟ್ಟೆಯ ಸಮೇತ ಕೈಗೆ ಬಂತು.

“ನೋಡಿದ್ಯಾ? ಬಂತು!” ಎಂದರು ಭಾವನವರು ತೃಪ್ತಿಯಿಂದ.

ಅತ್ತಿಗೆ ಕತ್ತರಿ ಕೆಳಗಿಟ್ಟರು. “ಮದುವೆ ಆದಾಗಿಂದ ನಾನು ಮಾಡಿದ್ದು ಒಂದೇ ಒಂದನ್ನ ಚೆನ್ನಾಗಿದೆ ಅಂದಿದ್ದೀರಾ? ಕುಕ್ಕರಿಗೆ ದಿನಾ ಓಕೆ ಅಂತೀರಿ. ನಾನೇನು ಅದಕ್ಕಿಂತ ಕಡೆಯಾ? ಈ ಭಾನುವಾರ ಸಂಜೆಯೊಳಗೆ ನಿಮ್ಮ ಬಾಯಿಂದ ನನಗೆ ಒಂದು ಓಕೆ ಬರಬೇಕು. ಬರಲಿಲ್ಲವೋ, ನಾನು ಅಪ್ಪನ ಹತ್ರ ಹೋಗಿ ಇದ್ದುಬಿಡ್ತೀನಿ.”

ಇಂಥ ಮಾತು ಯಾರ ಮನೆಯಲ್ಲಿಲ್ಲ ಎಂದು ನೀವು ನಗಬಹುದು. ನನಗೆ ನಗು ಬರಲಿಲ್ಲ. ಅವರಪ್ಪ, ಅಂದರೆ ನಮ್ಮ ಮಾವ, ಇರುವುದು ನನ್ನ ಮನೆಯಲ್ಲಿ. ನನ್ನದು ಎರಡೇ ಕೋಣೆಯ ಮನೆ. ಒಂದರಲ್ಲಿ ಮಾವ ಮತ್ತು ಅವರ ರೇಡಿಯೋ, ಇನ್ನೊಂದರಲ್ಲಿ ನಾವು. ಅತ್ತಿಗೆ ಹೊಲಿಗೆ ಯಂತ್ರದ ಸಮೇತ ಬಂದಿಳಿದರೆ ಅಕ್ಕತಂಗಿಯರು ಒಂದಾಗುತ್ತಾರೆ, ನಾನು ಮಾವನ ಕೋಣೆಗೆ ವರ್ಗವಾಗಬೇಕಾಗುತ್ತದೆ. ಮಾವ ರೇಡಿಯೋ ನಿಲ್ಲಿಸಿದ ಕೂಡಲೇ ಗೊರಕೆ ಶುರು ಮಾಡುವವರು. ಎರಡರಲ್ಲಿ ರೇಡಿಯೋವೇ ವಾಸಿ. ಹೀಗಾಗಿ ಭಾವನವರ ಬಾಯಿಂದ ಆ ಎರಡಕ್ಷರ ಹೊರಡಿಸುವುದು ನನ್ನ ಸ್ವಂತ ನೆಮ್ಮದಿಯ ಪ್ರಶ್ನೆಯಾಯಿತು.

ಸರಿಯಾಗಿ ಆ ಹೊತ್ತಿಗೇ ರಿವಾಲ್ವರ್ ಬಂತು.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ನೌಕರರ ಆಟೋಟ ಇರುತ್ತದೆ. ಓಟ ಶುರು ಮಾಡಿಸಲು ಹೋದ ವರ್ಷದವರೆಗೆ ವಿಷಲ್ ಊದುತ್ತಿದ್ದರು. ಕುಕ್ಕರ್ ಮಾಡುವವರ ಮುಂದೆ ವಿಷಲ್ ಊದಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ದಿನವಿಡೀ ಅದನ್ನೇ ಕೇಳಿದ ಕಿವಿಗಳು. ಹೋದ ವರ್ಷ ಊದಿದಾಗ ಓಟಗಾರರಲ್ಲಿ ಒಬ್ಬನೂ ಅಲುಗಲಿಲ್ಲ. ಮೂರನೆಯ ಸಲ ಊದಿದ ಮೇಲೆ ಕ್ಯಾಂಟೀನಿನವನೊಬ್ಬ ಮಾತ್ರ ಎದ್ದು ಓಡಿಹೋಗಿ ಒಲೆ ಆರಿಸಿ ಬಂದ. ಅದಕ್ಕೇ ಈ ವರ್ಷ ಓಟ ಶುರು ಮಾಡಿಸುವ ರಿವಾಲ್ವರೊಂದನ್ನು ತರಿಸಿದರು. ಅದರಿಂದ ಗುಂಡು ಹಾರುವುದಿಲ್ಲ, ನಳಿಗೆಯನ್ನೇ ಮುಚ್ಚಿದ್ದಾರೆ. ಪುಟ್ಟ ಮದ್ದಿನ ತೋಟಾಗಳನ್ನು ಒಳಗಿಟ್ಟು ಟ್ರಿಗರ್ ಒತ್ತಿದರೆ ಢಂ ಎಂದು ಶಬ್ದ ಬರುತ್ತದೆ, ಅಷ್ಟೇ. ಆದರೆ ಚೆಕಿಂಗ್ ಆಗದ ಸಾಮಾನನ್ನು ಮುಟ್ಟುವ ಪದ್ಧತಿ ಆ ಕಾರ್ಖಾನೆಯಲ್ಲಿಲ್ಲ. ಮ್ಯಾನೇಜರ್ ಸಾಹೇಬರು ರಿವಾಲ್ವರನ್ನೂ ತೋಟಾ ಡಬ್ಬಿಯನ್ನೂ ಭಾವನವರ ಕೈಗಿತ್ತು, “ಮನೆಗೆ ತಗೊಂಡುಹೋಗಿ ನಿಧಾನವಾಗಿ ನೋಡಿ. ಭಾನುವಾರ ನೀವೇ ಹೊಡೀರಿ,” ಎಂದರು.

ಶನಿವಾರ ಬೆಳಿಗ್ಗೆ ಭಾವನವರು ಮನೆ ಮುಂದಿನ ಮೆಟ್ಟಿಲ ಮೇಲೆ ಹಳೆಯ ಪತ್ರಿಕೆ ಹಾಸಿ, ಕನ್ನಡಕ ಏರಿಸಿ ಕೂತರು. ಗಂಡ ಹೆಂಡತಿಯ ನಡುವೆ ಮಾತು ನಿಂತಿತ್ತು, ಆದ್ದರಿಂದ ನಾನೂ ಅಲ್ಲೇ ಇರಬೇಕಾಗಿತ್ತು.

ಭಾವನವರು ರಿವಾಲ್ವರನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. “ಲೋಹ ಪರವಾಗಿಲ್ಲ. ಹಿಡಿ ಸ್ವಲ್ಪ ಚಿಕ್ಕದಾಯ್ತು. ಬಿಸಿಯಾದಾಗ ಬಟ್ಟೆ ಸುತ್ತಿ ಇಳಿಸೋಕೆ ಜಾಗ ಇಲ್ಲ.”

“ಅದನ್ನ ಒಲೆ ಮೇಲೆ ಇಡಲ್ಲ ಭಾವ.”

“ಇಡಲ್ಲ ಅಂತ ಹೇಳೋಕಾಗಲ್ಲಯ್ಯ. ಜನ ಹೇಗೆ ಬಳಸ್ತಾರೋ ಯಾರಿಗೆ ಗೊತ್ತು?” ಆಮೇಲೆ ತೋಟಾ ಕೂರಿಸುವ ಉರುಟು ಭಾಗವನ್ನು ಹೊರಗೆಳೆದು, ಒಳಗೆಲ್ಲ ಬೆರಳಾಡಿಸಿ, ಗಾಬರಿಯಿಂದ ನನ್ನನ್ನು ನೋಡಿದರು. “ಗ್ಯಾಸ್ಕೆಟ್ ಎಲ್ಲಿ?”

“ರಿವಾಲ್ವರಿಗೆ ಗ್ಯಾಸ್ಕೆಟ್ ಇರಲ್ಲ.”

“ಒಳಗೆ ಒತ್ತಡ ಆಗುತ್ತೆ, ಗ್ಯಾಸ್ಕೆಟ್ ಇಲ್ಲ! ಸೇಫ್ಟಿ ವಾಲ್ವೂ ಇಲ್ಲ! ಇದನ್ನ ಮಾಡಿದವರಿಗೆ ಹೆಂಡ್ತಿ ಮಕ್ಕಳು ಇಲ್ವಾ?”

ಇಷ್ಟರಲ್ಲಿ ಅತ್ತಿಗೆ ಅಳತೆ ಪಟ್ಟಿ ಹಿಡಿದು ಬಾಗಿಲಿಗೆ ಬಂದರು. ರಿವಾಲ್ವರನ್ನು ಬರಿಗೈಯಲ್ಲಿ ಹಿಡಿದು ಮೈದಾನಕ್ಕೆ ಹೋಗುವುದು ಚೆನ್ನಾಗಿರುವುದಿಲ್ಲ, ಸೊಂಟಕ್ಕೊಂದು ಚೀಲ ಬೇಕು ಎಂದು ಹಿಂದಿನ ದಿನವೇ ಭಾವನವರು ಗೋಡೆಗೆ ಹೇಳಿದ್ದರು.

“ಅಳತೆಗೆ ಕೊಡೋಕೆ ಹೇಳಪ್ಪ ಅವರಿಗೆ,” ಎಂದರು ಅತ್ತಿಗೆ ನನಗೆ.

“ಕೊಡ್ತೀನಿ, ಆದ್ರೆ ಹೊಲಿಗೆ ಗಟ್ಟಿಯಾಗಿರಲಿ ಅಂತ ಹೇಳಪ್ಪ ಅವಳಿಗೆ,” ಎಂದರು ಭಾವನವರು ನನಗೆ.

ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ನಾನು ಆ ಕಡೆಯಿಂದ ಈ ಕಡೆಗೆ ಮಾತು ಸಾಗಿಸಿದೆ. ಅತ್ತಿಗೆ ಉದ್ದ ಅಗಲ ಅಳೆದುಕೊಂಡು, ಚೀಲದೊಳಗೆ ತೋಟಾಗಳಿಗೊಂದು ಒಳಜೇಬು ಇರಲಿ ಎಂದು ಡಬ್ಬಿಯಿಂದ ಒಂದು ಹಿಡಿ ತೋಟಾವನ್ನೂ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಭಾವನವರು ಹೊರಟದ್ದು ರಿವಾಲ್ವರಿನ ತೂಕ ನೋಡಲು. ದಿನಸಿ ಅಂಗಡಿಯವನು ಯಾರಿಗೋ ಬೇಳೆ ಕಟ್ಟುತ್ತಿದ್ದ. ಭಾವನವರು ನಮಸ್ಕಾರ ಕೂಡ ಹೇಳದೆ ರಿವಾಲ್ವರನ್ನು ಅವನ ತಕ್ಕಡಿಯ ಮೇಲಿಟ್ಟರು. ನಳಿಗೆ ಅವನ ಹೊಟ್ಟೆಗೆ ನೇರವಾಗಿತ್ತು.

“ಪೆಟ್ಟಿಗೆ ಮೇಲೆ ಬರೆದಿರೋ ತೂಕಕ್ಕೂ ಇಲ್ಲಿ ತೋರಿಸ್ತಿರೋದಕ್ಕೂ ತಾಳೆ ಆಗ್ತಿಲ್ಲವಲ್ಲ,” ಎಂದರು ಭಾವನವರು ಹುಬ್ಬು ಗಂಟಿಕ್ಕಿ. “ಎರಡರಲ್ಲಿ ಯಾವುದೋ ಒಂದು ಸುಳ್ಳು ಹೇಳ್ತಿದೆ.”

“ತಕ್ಕಡಿ ಸಾರ್! ತಕ್ಕಡೀದೇ ತಪ್ಪು!” ಅಂಗಡಿಯವನು ಎರಡೂ ಕೈ ಎತ್ತಿದ್ದ. “ಇವತ್ತೇ ಸರಿ ಮಾಡಿಸ್ತೀನಿ. ನನಗೂ ಸಣ್ಣ ಸಣ್ಣ ಮಕ್ಕಳಿದ್ದಾರೆ ಸಾರ್!”

ಮಕ್ಕಳ ಸಮಾಚಾರ ಇಲ್ಲೇಕೆ ಬಂತೆಂದು ಭಾವನವರಿಗೆ ತಿಳಿಯಲಿಲ್ಲ. ಸಣ್ಣ ಮಕ್ಕಳಿಗೆ ತುಂಬ ಸಿಹಿ ಕೊಡಬಾರದು ಎಂದು ಬುದ್ಧಿ ಹೇಳಿ ಬಂದರು.

ಸುದ್ದಿಗೆ ಕಾಲು ಬಂದದ್ದೇ ಆಗ. ಭಾವನವರು ಕೊನೆಗೂ ತಾಳ್ಮೆ ಕಳೆದುಕೊಂಡರಂತೆ, ಹೆಂಡತಿಯೂ ಮಾತು ಬಿಟ್ಟಿದ್ದಾರಂತೆ, ಕಳಪೆ ಸಾಮಾನು ಕೊಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿಕೊಳ್ಳುತ್ತಾರಂತೆ. ಮೇಲಿನ ಮಹಡಿಯಲ್ಲಿರುವ ಮನೆ ಮಾಲೀಕರು ಮಧ್ಯಾಹ್ನದೊಳಗೆ ಕೊಳಾಯಿಯವನನ್ನು ರಟ್ಟೆ ಹಿಡಿದು ಎಳೆತಂದು ಭಾವನವರ ನಲ್ಲಿ ರಿಪೇರಿ ಮಾಡಿಸಿದರು. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಸೋರುತ್ತಿದ್ದ ನಲ್ಲಿ ಅದು. ಪಾತ್ರೆ ಅಂಗಡಿಯವನು ಹೊಸ ಬಕೆಟ್ ಒಂದನ್ನು ಬಾಗಿಲಲ್ಲಿಟ್ಟು ಓಡಿಹೋದ. ವಿಷಯವೆಲ್ಲ ಬಲ್ಲ ನಾನು ನಗುತ್ತ ಕೂತಿದ್ದೆ. ಆದರೂ ಭಾವನವರ ಏಣಿ ನನ್ನ ಮನೆಯಲ್ಲೇ ಬಹಳ ಕಾಲದಿಂದ ಉಳಿದಿರುವುದು ಏಕೋ ನೆನಪಾಗಿ, ಅದನ್ನು ತಂದು ಅವರ ಗೋಡೆಗೊರಗಿಸಿಟ್ಟೆ.

ಭಾವನವರಿಗೆ ಮಾತ್ರ ಕಸಿವಿಸಿ. ನಲ್ಲಿ ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. “ಒಂದು ಹನಿ ಸೋರ್ತಿಲ್ವಲ್ಲಯ್ಯ! ಇದರಲ್ಲಿ ಏನೋ ದೋಷ ಇದೆ.”

ನಲ್ಲಿಯಲ್ಲಿ ದೋಷ ಸಿಗದ ಬೇಸರಕ್ಕೋ ಏನೋ, ಹೊಸ ಬಕೆಟ್ಟಿನ ತುಂಬ ನೀರು ಹಿಡಿದು ರಿವಾಲ್ವರನ್ನು ಅದರಲ್ಲಿ ಮುಳುಗಿಸಿಬಿಟ್ಟರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಗುಳುಗುಳು ಎಂದು ಗುಳ್ಳೆಗಳು ಎದ್ದವು.

“ನೋಡು! ಇಲ್ಲಿ ಲೀಕು, ಅಲ್ಲಿ ಲೀಕು, ಎಲ್ಲಾ ಕಡೆ ಲೀಕು! ನಾನು ಹೇಳ್ಲಿಲ್ವಾ, ಗ್ಯಾಸ್ಕೆಟ್ ಇಲ್ಲ ಅಂತ?” ಅಷ್ಟಕ್ಕೇ ನಿಲ್ಲಿಸಲಿಲ್ಲ. ತೋಟಾ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಡಬ್ಬಿಯನ್ನೂ ಮುಳುಗಿಸಿದರು. ಬಿಗಿಯಾಗಿರಲಿಲ್ಲ. ನೆನೆದ ತೋಟಾಗಳನ್ನೆಲ್ಲ ಬಟ್ಟೆ ಒಣಹಾಕುವ ಕಟ್ಟೆಯ ಮೇಲೆ ಸಾಲಾಗಿ ಹರಡಿ, “ಬಿಸಿಲಿಗೆ ಒಣಗಿದ್ರೆ ಮೊದಲಿನ ಹಾಗೇ ಆಗ್ತವೆ,” ಎಂದರು.

“ಒಂದು ಹೊಡೆದು ನೋಡಿ ಭಾವ.”

“ಶಬ್ದ ಪರೀಕ್ಷೆ ಯಾವಾಗಲೂ ಕೊನೇದು. ವಿಷಲ್ ಕೂಗಿಸೋದು ಎಲ್ಲಾ ಆದ್ಮೇಲೆ. ಮೈದಾನದಲ್ಲೇ ಆಗಲಿ, ಮಾವನವರಿಗೆ ನಿದ್ದೆ ಕೆಡುತ್ತೆ.”

ಆ ಕಟ್ಟೆ ಇರುವುದು ಮಾಲೀಕರ ಕಿಟಕಿಯ ಕೆಳಗೆ. ಸಾಲುಗಟ್ಟಿ ಕೂತ ತೋಟಾಗಳನ್ನು ಕಂಡ ಮಾಲೀಕರು ಪೊಲೀಸ್ ಠಾಣೆಗೆ ಫೋನು ಮಾಡಿದರು.

ಇನ್ಸ್‌ಪೆಕ್ಟರು ಬಂದಾಗ ಮಾಲೀಕರು ಅವರ ಹಿಂದೆ, ಅಂಗಡಿಯವನು ಮಾಲೀಕರ ಹಿಂದೆ, ಬೀದಿಯ ಉಳಿದವರು ಅವನ ಹಿಂದೆ. ಭಾವನವರು ಸಂತೋಷದಿಂದ ಇನ್ಸ್‌ಪೆಕ್ಟರನ್ನು ಒಳಗೆ ಕರೆದು ಕುರ್ಚಿ ಹಾಕಿದರು. ಒಬ್ಬ ತಿಳಿದವರು ಸಿಕ್ಕರಲ್ಲ ಎಂಬ ಸಂತೋಷ. ಇನ್ಸ್‌ಪೆಕ್ಟರು ಕಾರ್ಖಾನೆಯ ರಸೀದಿ ನೋಡಿ, ಮುಚ್ಚಿದ ನಳಿಗೆಯಲ್ಲಿ ಕಡ್ಡಿ ತೂರಿಸಿ ನಕ್ಕರು. “ಇದು ಓಟದ ರಿವಾಲ್ವರು. ಇದರಿಂದ ಸೊಳ್ಳೆ ಕೂಡ ಸಾಯಲ್ಲ.”

“ಅದೇ ನಾನೂ ಹೇಳಿದ್ದು ಸಾರ್, ತಯಾರಿ ಸರಿ ಇಲ್ಲ,” ಎಂದರು ಭಾವನವರು. “ಹೋಲಿಸಿ ನೋಡಬೇಕಲ್ಲ. ನಿಮ್ಮದು ಸ್ವಲ್ಪ ಕೊಡ್ತೀರಾ? ಬಕೆಟ್ ಇಲ್ಲೇ ಇದೆ.”

“ಹಾಗೆಲ್ಲ ಕೊಡೋ ಹಾಗಿಲ್ಲ.”

“ಕೊಡಬೇಡಿ ಸಾರ್. ಹಿಡಿ ಜಗ್ಗಿ ನೋಡ್ತೀನಿ ಅಷ್ಟೆ.” ಭಾವನವರ ಕೈ ಆಗಲೇ ಇನ್ಸ್‌ಪೆಕ್ಟರ ಸೊಂಟದ ಚೀಲದ ಗುಂಡಿಯ ಮೇಲಿತ್ತು. ಗುಂಡಿ ಕಂಡರೆ ಎಳೆಯದೆ ಇರಲಾರದ ಕೈ ಅದು. ಟಪ್ಪೆಂದು ಚೀಲ ಬಿಚ್ಚಿಕೊಂಡು ಒಂದು ಕನ್ನಡಕದ ಪೆಟ್ಟಿಗೆ ಮತ್ತು ಕೆಮ್ಮಿನ ಮಾತ್ರೆಯ ಪೊಟ್ಟಣ ನೆಲಕ್ಕೆ ಬಿದ್ದವು.

ಕೋಣೆಯಲ್ಲಿದ್ದ ಮೂವರೂ ಅವನ್ನು ನೋಡಿದೆವು.

“ರಿವಾಲ್ವರ್ ಬಹಳ ಭಾರ,” ಎಂದರು ಇನ್ಸ್‌ಪೆಕ್ಟರು ಪಿಸುದನಿಯಲ್ಲಿ. “ನನಗೆ ಸೊಂಟ ನೋವು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀನಿ. ಹೊರಗೆ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಗ ಯಾವ ಕಂಪನಿದು ಸಾರ್?” ಎಂದರು ಭಾವನವರು ಕಾಳಜಿಯಿಂದ.

ಇನ್ಸ್‌ಪೆಕ್ಟರು ಬೆವರು ಒರೆಸಿಕೊಳ್ಳುತ್ತ ಹೊರಬಂದರು. ಮಾಲೀಕರು “ಏನಾಯ್ತು ಸಾರ್?” ಎಂದು ಅಡ್ಡಹಾಕಿದಾಗ, “ಏನಿಲ್ಲ. ಅವರ ತಂಟೆಗೆ ಮಾತ್ರ ಯಾರೂ ಹೋಗಬೇಡಿ,” ಎಂದು ಹೇಳಿ ಜೀಪು ಹತ್ತಿದರು. ಪೊಲೀಸರೇ ಹೆದರಿ ಹೋದರು ಎಂದಮೇಲೆ ಬೀದಿಗೆ ಇನ್ನೇನು ಅನುಮಾನ? ಇದು ಓಟದ ರಿವಾಲ್ವರು ಎಂದು ನಾನು ಮನೆಮನೆಗೂ ಹೋಗಿ ಹೇಳಿದೆ. ಎಲ್ಲರೂ ತಲೆಯಾಡಿಸಿ, “ನೀವು ಸಂಬಂಧಿಕರು, ಹಾಗೇ ಹೇಳಬೇಕು,” ಎಂದರು.

ಸಂಜೆ ಅತ್ತಿಗೆ ಚೀಲ ತಂದರು. ಹಳೆಯ ರೇನ್‌ಕೋಟನ್ನು ಕತ್ತರಿಸಿ ಹೊಲಿದದ್ದು. ಎರಡೆರಡು ಸಾಲು ಹೊಲಿಗೆ, ಬಾಯಿಗೆ ಮಡಿಕೆ, ಮಡಿಕೆಯ ಮೇಲೆ ದಾರದ ಬಿಗಿ. “ಹೊಲಿಗೆ ಮೇಲೆಲ್ಲ ಮೇಣದಬತ್ತಿ ಉಜ್ಜಿದ್ದೀನಿ. ನೀರು ಇಳಿಯಲ್ಲ ಅಂತ ಹೇಳಪ್ಪ,” ಎಂದರು. ಗುಂಡಿ ಒಂದನ್ನೂ ಇಟ್ಟಿರಲಿಲ್ಲ. ಜಾಣ ಹೆಂಗಸು.

ಭಾವನವರು ಜಗ್ಗಿದರು, ತಿರುಚಿದರು, ಕೊನೆಗೆ ಬಕೆಟ್ಟಿನಲ್ಲಿ ಅದುಮಿ ಹಿಡಿದರು. ನಾನು ಬಗ್ಗಿ ನೋಡಿದೆ. ಅತ್ತಿಗೆ ನೋಡದ ಹಾಗೆ ನಟಿಸುತ್ತ ನೋಡಿದರು. ಒಂದು ಗುಳ್ಳೆ ಬರಲಿಲ್ಲ. ಹೊರತೆಗೆದು ಬಿಚ್ಚಿ ಒಳಗೆ ಕೈಹಾಕಿದರು. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ.

ಅವರ ಇನ್ನೊಂದು ಕೈ ತಾನಾಗಿ ಜೇಬಿನ ಕಡೆ ಹೋದದ್ದನ್ನು ನನ್ನ ಕಣ್ಣಾರೆ ಕಂಡೆ. ಬಾಯಿ ತೆರೆಯಿತು. ಹೇಳಿಬಿಡಿ ಭಾವ, ಹೇಳಿಬಿಡಿ ಎಂದು ನಾನು ಉಸಿರು ಬಿಗಿಹಿಡಿದೆ. ನನ್ನ ಮಂಚ, ನನ್ನ ದಿಂಬು, ನನ್ನ ನಿದ್ದೆ ಎಲ್ಲ ಆ ಬಾಯಲ್ಲಿತ್ತು.

“ದಾರದ ಬಣ್ಣ ಸ್ವಲ್ಪ ಬೇರೆ ಆಯ್ತು,” ಎಂದರು ಭಾವನವರು.

ಅತ್ತಿಗೆ ಒಳಗೆ ಹೋಗಿ ಬಟ್ಟೆ ಮಡಚಿ ಚರ್ಮದ ಬ್ಯಾಗಿಗೆ ತುಂಬತೊಡಗಿದರು. ಅವರ ಕಣ್ಣು ತುಂಬಿತ್ತು. ಆಗ ನನಗೆ ನನ್ನ ಮಂಚದ ಚಿಂತೆ ಹೋಗಿ ನಿಜವಾಗಿ ಸಂಕಟವಾಯಿತು. ಭಾವನವರು ಬಕೆಟ್ಟಿನ ಮುಂದೆ ಕೂತು ಅದರ ಹಿಡಿಯನ್ನು ಆ ಕಡೆ ಈ ಕಡೆ ಮಾಡುತ್ತಿದ್ದರು. ಅದು ಕಿರುಗುಟ್ಟುತ್ತಿತ್ತು, ಅವರು ಅದನ್ನು ಗಮನಿಸಲೇ ಇಲ್ಲ.

ಭಾನುವಾರ ಮೈದಾನಕ್ಕೆ ಎಲ್ಲರೂ ಬಂದರು. ಕಾರ್ಖಾನೆಯವರ ಜೊತೆಗೆ ನಮ್ಮ ಇಡೀ ಬೀದಿ. ಕಣ್ಣಿಗೆ ಕಾಣದ ರಿವಾಲ್ವರಿಗಿಂತ ಕಾಣುವ ರಿವಾಲ್ವರೇ ವಾಸಿ ಎಂದು ಅವರ ಲೆಕ್ಕ. ಮಾಲೀಕರು, ದಿನಸಿ ಅಂಗಡಿಯವನು, ಪಾತ್ರೆ ಅಂಗಡಿಯವನು ಓಟ ಶುರುವಾಗುವ ಗೆರೆಯ ಹಿಂದೆಯೇ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಅತ್ತಿಗೆ ದೂರದಲ್ಲಿ ನನ್ನ ಹೆಂಡತಿಯ ಪಕ್ಕ ಕೂತಿದ್ದರು. ಕಾಲ ಬಳಿ ಬ್ಯಾಗು ಇತ್ತು. ಆಟ ಮುಗಿದ ಮೇಲೆ ನೇರ ನಮ್ಮ ಮನೆಗೆ ಎಂದು ತೀರ್ಮಾನವಾಗಿತ್ತು. ಆ ಬ್ಯಾಗು ಹೊರುವ ಕೆಲಸ ನನ್ನದೆಂದೂ ತೀರ್ಮಾನವಾಗಿತ್ತು.

ಮೊದಲನೆಯದೇ ಅಧಿಕಾರಿಗಳ ಓಟ. ಮ್ಯಾನೇಜರ್ ಸಾಹೇಬರು ತಮ್ಮ ದೊಡ್ಡ ಹೊಟ್ಟೆಯೊಂದಿಗೆ ಗೆರೆಯ ಮೇಲೆ ಬಗ್ಗಿ ನಿಂತರು. ಭಾವನವರು ಸ್ಟೂಲು ಹತ್ತಿ ರಿವಾಲ್ವರನ್ನು ಆಕಾಶಕ್ಕೆತ್ತಿ, “ಸಿದ್ಧ!” ಎಂದು ಕೂಗಿ ಟ್ರಿಗರ್ ಒತ್ತಿದರು.

ಟಿಕ್.

ಮತ್ತೆ ಒತ್ತಿದರು. ಟಿಕ್. ಬಿಸಿಲಿಗೆ ಒಣಗಿದ ತೋಟಾಗಳು ಮೊದಲಿನ ಹಾಗೆ ಆಗಿರಲಿಲ್ಲ. ಭಾವನವರು ರಿವಾಲ್ವರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಗೆಣ್ಣಿನಿಂದ ತಟ್ಟಿದರು.

“ಬೇಗ ಹೊಡೀರಿ ಮಾರಾಯ್ರೆ,” ಎಂದರು ಮ್ಯಾನೇಜರ್ ಬಗ್ಗಿದಲ್ಲಿಂದಲೇ. “ನನ್ನ ಸೊಂಟ ಹಿಡ್ಕೊಂಡುಬಿಡ್ತು.”

ಟಿಕ್. ಟಿಕ್. ಜನ ನಗತೊಡಗಿದರು. ಯಾರೋ ಹಿಂದಿನಿಂದ ವಿಷಲ್ ಊದಿದರು. ಯಾರೂ ಓಡಲಿಲ್ಲ. ಭಾವನವರ ಮುಖ ನೋಡಲಾಗಲಿಲ್ಲ. ಜೀವಮಾನವೆಲ್ಲ ಪರರ ತಪ್ಪು ಹುಡುಕಿದ ಮನುಷ್ಯ, ತನ್ನದೇ ತಪ್ಪನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು.

“ಚೀಲದೊಳಗೆ ನೋಡ್ರೀ!”

ಅತ್ತಿಗೆಯ ದನಿ. ಎದ್ದು ನಿಂತು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. ನನ್ನ ಮೂಲಕ ಅಲ್ಲ, ನೇರವಾಗಿ. “ಒಳಜೇಬಿನಲ್ಲಿ ಇದೆ! ಅಳತೆಗೆ ತಗೊಂಡಿದ್ದು ಅಲ್ಲೇ ಬಿಟ್ಟಿದ್ದೀನಿ! ನಿಮ್ಮ ಬಕೆಟ್ಟಿನಲ್ಲೂ ನೆನೆಯದೇ ಉಳಿದಿದ್ದು ಅದೊಂದೇ!”

ಭಾವನವರು ಸೊಂಟದ ಚೀಲ ಬಿಚ್ಚಿ ಒಳಜೇಬಿಗೆ ಕೈಹಾಕಿದರು. ಒಂದು ಹಿಡಿ ತೋಟಾ, ನೀರು ಸೋಕದೆ ಗರಿಗರಿಯಾಗಿದ್ದವು. ತುಂಬಿದರು. ಎತ್ತಿದರು.

ಢಂ!

ಆಹಾ, ಅದೆಂಥ ಶಬ್ದ! ಹೊತ್ತುಗಟ್ಟಲೆ ಬಗ್ಗಿ ನಿಂತ ಅಧಿಕಾರಿಗಳು ಬೆಚ್ಚಿ ಕುಂಡೆಯೂರಿ ಕೂತುಬಿಟ್ಟರು. ಓಡಿದವರು ಬೆಂಚಿನವರು. ಪಾತ್ರೆ ಅಂಗಡಿಯವನು “ಬಕೆಟ್ ಬದಲಾಯಿಸ್ತೀನಿ!” ಎಂದು ಕೂಗುತ್ತ, ದಿನಸಿ ಅಂಗಡಿಯವನು ತನ್ನ ಮಕ್ಕಳನ್ನು ನೆನೆಯುತ್ತ, ಅವರಿಬ್ಬರನ್ನೂ ಹಿಂದೆ ಹಾಕಿ ಮನೆ ಮಾಲೀಕರು ಪಂಚೆ ಎತ್ತಿ ಕಟ್ಟಿ ಬಾಣದಂತೆ ಓಡಿದರು. ಎದುರಿಗೆ ಸಿಕ್ಕ ರಿಬ್ಬನ್ನನ್ನು ಎದೆಗೆ ಸುತ್ತಿಕೊಂಡೇ ಗೇಟು ದಾಟಿದರು. ಕಮಿಟಿಯವರು ಬೇರೆ ದಾರಿ ಕಾಣದೆ ಅವರನ್ನು ಹುಡುಕಿ ಕರೆತಂದು ಮೊದಲನೆಯ ಬಹುಮಾನವಾಗಿ ಕುಕ್ಕರ್ ಕೊಟ್ಟರು. ಅದನ್ನು ಯಾರು ಚೆಕ್ ಮಾಡಿದ್ದು ಎಂದು ಕೇಳಿಯೇ ಅವರು ಕೈಚಾಚಿದ್ದು.

ಆ ಗಲಾಟೆಯಲ್ಲಿ ಭಾವನವರು ಸ್ಟೂಲಿನಿಂದಿಳಿದು ಜನರನ್ನು ಸೀಳಿಕೊಂಡು ಅತ್ತಿಗೆಯ ಮುಂದೆ ಬಂದು ನಿಂತರು. ಸೊಂಟದ ಚೀಲ ಬಿಚ್ಚಿ ಅತ್ತಿಗೆಯ ಬ್ಯಾಗಿನ ಮೇಲೆ ಹರಡಿದರು. ಜೇಬಿನಿಂದ ಶಾಯಿಯ ಡಬ್ಬಿ ತೆಗೆದರು, ಮುದ್ರೆ ತೆಗೆದರು, ಅದಕ್ಕೆ ಉಫ್ ಎಂದು ಊದಿದರು. ಚೀಲದ ಮೇಲೆ ಇಟ್ಟು ಮೈಭಾರ ಬಿಟ್ಟು ಒತ್ತಿದರು.

“ಓಕೆ ಕಣೇ,” ಎಂದರು. ಬಾಯಿಬಿಟ್ಟು, ನಾಲ್ಕು ಜನರೆದುರು. “ದಾರದ ಬಣ್ಣಾನೂ ಓಕೆ. ಅಂಗೀನೂ ಓಕೆ ಆಗಿತ್ತು. ನಾನೇ ಎಳೆದಿದ್ದು ಜಾಸ್ತಿ ಆಯ್ತು.”

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬ್ಯಾಗನ್ನು ಎತ್ತಿಕೊಂಡು ಅವರ ಮನೆಯ ದಿಕ್ಕಿಗೆ ತಿರುಗಿ ನಿಂತೆ. ಇಷ್ಟು ಹಗುರವಾದ ಬ್ಯಾಗನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ. ಅತ್ತಿಗೆ ಮಾತ್ರ ಹೊರಡಲಿಲ್ಲ. ಚೀಲವನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನೇರಳೆ ಮುದ್ರೆಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಉಗುರಿನಿಂದ ಒಮ್ಮೆ ಕೆರೆದೂ ನೋಡಿದರು.

“ಸ್ವಲ್ಪ ವಾರೆ ಬಿದ್ದಿದೆ,” ಎಂದರು. “ಇನ್ನೊಂದ್ಸಲ ಒತ್ತಿ.”